ಪ್ರಶ್ನೋತ್ತರ: ಉಪ್ಪುಗಾಳಿಯಲ್ಲಿ ಪಿಕೋಆಂಪಿಯರ್

ಅತಿ ಸಣ್ಣ ವಿದ್ಯುದಾವೇಶ, ಅತಿ ಸಣ್ಣ ವೋಲ್ಟೇಜ್ ಅಳೆಯುವ ಬಗ್ಗೆ ಉತ್ತರ ಕನ್ನಡದ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲ ಮೂರು ಕರಾವಳಿಯವು. ಮೂರರಲ್ಲೂ ಕಳ್ಳ ಒಬ್ಬನೇ, ವೇಷ ಮಾತ್ರ ಬೇರೆ. ಓದುವ ಮುಂಚೆ ಅಳತೆಯ ಹೆಸರುಗಳು: ನ್ಯಾನೊ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು, ಪಿಕೋ ಅದರ ಸಾವಿರದಲ್ಲೊಂದು ಪಾಲು, ಫೆಮ್ಟೊ ಪಿಕೋದ ಸಾವಿರದಲ್ಲೊಂದು ಪಾಲು. ಗಿಗಾ ಎಂದರೆ ನೂರು ಕೋಟಿ.

ಪ್ರಶ್ನೆ: ನಮ್ಮ ಶಾಲೆಯ ಹಾಳೆ ವಿದ್ಯುದ್ದರ್ಶಕ (ಆವೇಶ ಬಂದರೆ ಲೋಹದ ಹಾಳೆ ಬಿಚ್ಚಿಕೊಳ್ಳುವ ಎಲೆಕ್ಟ್ರೋಸ್ಕೋಪ್) ಡಿಸೆಂಬರ್‌ನಲ್ಲಿ ಚೆನ್ನಾಗಿಯೇ ಇರುತ್ತದೆ. ಜೂನ್ ಬಂತೆಂದರೆ ಹಾಳೆ ಒಮ್ಮೆ ಬಿಚ್ಚಿಕೊಂಡು ಕಣ್ಣು ಮಿಟುಕಿಸುವುದರೊಳಗೆ ಬಿದ್ದುಬಿಡುತ್ತದೆ. ಹಸಿ ಗಾಳಿಯಲ್ಲಿ ವಿದ್ಯುತ್ ಹರಿದುಹೋಗುತ್ತದೆ ಎಂದು ಮಕ್ಕಳಿಗೆ ಹೇಳುತ್ತಿದ್ದೇನೆ. ಸರಿಯೇ? ಪರಿಹಾರ ಏನು?
— ವಿಜ್ಞಾನ ಶಿಕ್ಷಕಿ, ಕುಮಟಾ

ಉತ್ತರ: ಅಷ್ಟು ಸರಿಯಲ್ಲ. ಗಾಳಿಯಲ್ಲಿರುವ ನೀರಿನ ಆವಿ ತಾನಾಗಿ ವಿದ್ಯುತ್ತನ್ನು ಹರಿಸುವುದಿಲ್ಲ. ಸೋರಿಕೆ ಆಗುವುದು ಕಡ್ಡಿಯನ್ನು ಹಿಡಿದಿರುವ ಬಿರಡೆಯ ಮೈಮೇಲೆ. ಆ ಮೈಮೇಲೆ ಕಡಲ ಗಾಳಿ ತಂದಿಟ್ಟ ಉಪ್ಪಿನ ಪುಡಿ ಇರುತ್ತದೆ. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ತೇವಾಂಶ ಶೇ. 75 ದಾಟಿದೊಡನೆ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವುದು ಇದೇ ಕಾರಣಕ್ಕೆ. ಬಿರಡೆಯ ಮೇಲೆ ಆಗ ಕಣ್ಣಿಗೆ ಕಾಣದ ಉಪ್ಪುನೀರಿನ ಪದರ ಏಳುತ್ತದೆ, ಆವೇಶ ಅದರ ಮೇಲೆ ನಡೆದುಕೊಂಡು ಹೋಗುತ್ತದೆ.

ಲೆಕ್ಕ ನೋಡಿ. ಸಣ್ಣ ವಿದ್ಯುದ್ದರ್ಶಕದ ಕೆಪ್ಯಾಸಿಟೆನ್ಸ್ (ಆವೇಶ ಹಿಡಿದಿಡುವ ಸಾಮರ್ಥ್ಯ) ಹೆಚ್ಚುಕಡಿಮೆ 5 ಪಿಕೋಫ್ಯಾರಡ್. ಬಿರಡೆಯ ರೋಧ 1 ಟೆರಾ ಓಮ್ (ಅಂದರೆ ಲಕ್ಷ ಕೋಟಿ ಓಮ್) ಇದ್ದರೂ ಆವೇಶದ ಮೂರನೇ ಎರಡು ಪಾಲು 5 ಸೆಕೆಂಡಿನಲ್ಲಿ ಖಾಲಿ. ಹಾಳೆ ಒಂದು ಗಂಟೆ ನಿಲ್ಲಬೇಕಾದರೆ ಅದರ ಸಾವಿರ ಪಟ್ಟು ಬೇಕು. ಮರ, ರಬ್ಬರ್ ಬಿರಡೆ, ಬೇಕಲೈಟ್ ಯಾವುದಕ್ಕೂ ಮಳೆಗಾಲದಲ್ಲಿ ಅಷ್ಟು ತಾಕತ್ತಿಲ್ಲ. ನೈಲಾನ್ ನೋಡಲು ಚೆಂದ, ಆದರೆ ಅದು ನೀರನ್ನು ಒಳಕ್ಕೇ ಎಳೆದುಕೊಳ್ಳುತ್ತದೆ.

ಬಿರಡೆಯನ್ನು ಟೆಫ್ಲಾನ್‌ಗೆ ಬದಲಿಸಿ. 20–25 ಮಿಲಿಮೀಟರ್ ದಪ್ಪದ ಟೆಫ್ಲಾನ್ ಸರಳಿನಿಂದ ಎರಡು ಸೆಂಟಿಮೀಟರ್ ತುಂಡು ಕತ್ತರಿಸಿ ನಡುವೆ ತೂತು ಕೊರೆದರೆ ಸಾಕು. ಲೇತ್ ಇರುವ ಯಾವ ವರ್ಕ್‌ಶಾಪ್‌ನಲ್ಲೂ ಮಾಡಿಕೊಡುತ್ತಾರೆ. ತೊಳೆಯುವ ಕ್ರಮದಲ್ಲಿ ಎಲ್ಲರೂ ಎಡವುತ್ತಾರೆ: ಮೊದಲು ಡಿಸ್ಟಿಲ್ಡ್ ವಾಟರ್, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ (ಸ್ಪಿರಿಟ್). ಸ್ಪಿರಿಟ್ಟಿನಲ್ಲಿ ಉಪ್ಪು ಕರಗುವುದೇ ಇಲ್ಲ ಎನ್ನಬಹುದು. ಬರೀ ಸ್ಪಿರಿಟ್ ಹಾಕಿ ಒರೆಸಿದರೆ ಜಿಡ್ಡು ಹೋಗುತ್ತದೆ, ಉಪ್ಪು ಅಲ್ಲಲ್ಲೇ ಸರಿದಾಡಿ ಕೂರುತ್ತದೆ. ತೊಳೆದ ಮೇಲೆ ಬೆರಳು ತಾಗಿಸಬೇಡಿ, ಬೆವರಿನಲ್ಲೂ ಅದೇ ಉಪ್ಪು. ಒರೆಸುವಾಗ ಟೆಫ್ಲಾನ್ ತಾನೇ ಆವೇಶ ಹಿಡಿದುಕೊಂಡು ಗಂಟೆಗಟ್ಟಲೆ ಬಿಡುವುದಿಲ್ಲ. ಜೋಡಿಸುವ ಮುಂಚೆ ಮೇಣದಬತ್ತಿಯ ಉರಿಯ ಹತ್ತಿರ ಒಂದೆರಡು ಸಲ ಆಡಿಸಿದರೆ ಉರಿಯಲ್ಲಿರುವ ಅಯಾನುಗಳು ಅದನ್ನು ತಣಿಸುತ್ತವೆ. ಟೆಫ್ಲಾನ್ ಸಿಗದಿದ್ದರೆ ಬಣ್ಣ, ಪರಿಮಳ ಯಾವುದೂ ಇಲ್ಲದ ಬಿಳಿ ಮೇಣ ಕರಗಿಸಿ ಅದರಲ್ಲೇ ಬಿರಡೆ ಎರಕ ಹೊಯ್ಯಿರಿ. ಪ್ರತಿ ಮಳೆಗಾಲ ಮೇಲ್ಮೈಯನ್ನು ಹೊಸ ಬ್ಲೇಡಿನಿಂದ ತೆಳ್ಳಗೆ ಹೆರೆದರೆ ಹೊಸದರಂತೆಯೇ.

ಇನ್ನೊಂದು ದಾರಿ ಬೆಚ್ಚಗಿಡುವುದು. 28 ಡಿಗ್ರಿಯಲ್ಲಿ ಶೇ. 90 ತೇವಾಂಶದ ಗಾಳಿಯನ್ನು 36 ಡಿಗ್ರಿಗೆ ಏರಿಸಿದರೆ ತೇವಾಂಶ ಶೇ. 57ಕ್ಕೆ, 40ಕ್ಕೆ ಏರಿಸಿದರೆ 46ರ ಆಸುಪಾಸಿಗೆ ಇಳಿಯುತ್ತದೆ. ಶೇ. 75ರಲ್ಲಿ ಒದ್ದೆಯಾದ ಉಪ್ಪು ಅದೇ 75ಕ್ಕೆ ಮರಳಿದಾಗ ಒಣಗುತ್ತದೆ ಅಂದುಕೊಳ್ಳಬೇಡಿ, ಅದಕ್ಕಿಂತ ಸಾಕಷ್ಟು ಕೆಳಗಿಳಿಯಬೇಕು. ಹಾಗಾಗಿ 40 ಡಿಗ್ರಿಯೇ ಇರಲಿ. ಪೆಟ್ಟಿಗೆಯಲ್ಲಿ ಹಳೆಯ ಕಾಲದ 25 ವ್ಯಾಟ್ ಬಲ್ಬ್ ಹಾಕಿ ಅರ್ಧ ಗಂಟೆ ಬಿಡಿ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು.

ಹಾಳೆ ಹರಿದಿದ್ದರೆ ಚಿನ್ನದ ಹಾಳೆಗಾಗಿ ಪರದಾಡಬೇಡಿ. ಮಿಠಾಯಿಗೆ ಹಚ್ಚುವ ಬೆಳ್ಳಿ ವರ್ಖ ಸಾಕು. ಎರಡು ಬಟರ್ ಪೇಪರ್ ನಡುವೆ ಇಟ್ಟು 6 ಮಿಲಿಮೀಟರ್ ಅಗಲ, 40 ಉದ್ದ ಕತ್ತರಿಸಿ, ಚೂರು ಅಂಟಿನಿಂದ ಕಡ್ಡಿಗೆ ಹಚ್ಚಿ. ಫ್ಯಾನ್ ಆರಿಸುವುದನ್ನು ಮಾತ್ರ ಮರೆಯಬೇಡಿ.

ಪ್ರಶ್ನೆ: ಉಜ್ಜಿದ ಪಿವಿಸಿ ಪೈಪಿನ ಆವೇಶವನ್ನು ಮಲ್ಟಿಮೀಟರ್‌ನಲ್ಲಿ ನೋಡಲು ಹೋದರೆ ಸೊನ್ನೆ. ನ್ಯಾನೊಕೂಲಮ್‌ನಲ್ಲಿ ಅಂಕೆ ತೋರಿಸುವ ಮೀಟರ್ ಮನೆಯಲ್ಲೇ ಮಾಡಬಹುದೇ? ಇಲ್ಲಿಯ ಹವೆಯಲ್ಲಿ ಅದು ನಿಲ್ಲುತ್ತದೆಯೇ?
— ಪದವಿ ವಿದ್ಯಾರ್ಥಿ, ಅಂಕೋಲಾ

ಉತ್ತರ: ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾ ಓಮ್. 100 ಪಿಕೋಫ್ಯಾರಡ್ ವಸ್ತುವಿನ ಆವೇಶ ಅದರ ಮೂಲಕ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲೇ ಬಹುಪಾಲು ಖಾಲಿ. ಮೀಟರ್ ಕಣ್ಣು ಬಿಡುವ ಹೊತ್ತಿಗೆ ನೋಡಲು ಏನೂ ಉಳಿದಿರುವುದಿಲ್ಲ.

ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಫ್ಯಾರಡೆ 1843ರಲ್ಲಿ ತೋರಿಸಿದ ಬಕೆಟ್ ಪ್ರಯೋಗವನ್ನು (ಲೋಹದ ಬಕೆಟ್ಟಿನೊಳಗೆ ಇಳಿಸಿದ ವಸ್ತುವಿನ ಆವೇಶದಷ್ಟೇ ಆವೇಶ ಬಕೆಟ್ಟಿನ ಹೊರಮೈಯಲ್ಲಿ ಕಾಣುತ್ತದೆ) ಆಪ್‌ಆಂಪ್‌ಗೆ, ಅಂದರೆ ಸಣ್ಣ ವೋಲ್ಟೇಜನ್ನು ವರ್ಧಿಸುವ ಐಸಿಗೆ, ಕಟ್ಟುವುದು ಅಷ್ಟೇ. ಆದರೆ ಕರಾವಳಿಯಲ್ಲಿ ಯಾವ ಸರ್ಕ್ಯೂಟ್ ಎಂಬುದು ಮುಖ್ಯ. ಎರಡು ಬಗೆಯಿದೆ. ಒಂದು, ಬಕೆಟ್ಟನ್ನು ಕೆಪ್ಯಾಸಿಟರಿಗೆ ಜೋಡಿಸಿ ಅದರ ವೋಲ್ಟೇಜನ್ನು ಫಾಲೋವರ್ (ಇನ್‌ಪುಟ್ ವೋಲ್ಟೇಜನ್ನು ಹಾಗೆಯೇ ಔಟ್‌ಪುಟ್‌ಗೆ ಕೊಡುವ ಆಪ್‌ಆಂಪ್) ಮೂಲಕ ಓದುವುದು. ಇದರಲ್ಲಿ ಬಕೆಟ್ಟಿನ ಮೇಲೆ ಪೂರ್ತಿ ವೋಲ್ಟೇಜ್ ನಿಂತಿರುತ್ತದೆ, ಒದ್ದೆ ಅವಾಹಕ ಅದನ್ನು ತಿನ್ನುತ್ತದೆ. ಇನ್ನೊಂದು, ಕೆಪ್ಯಾಸಿಟರನ್ನು ಆಪ್‌ಆಂಪಿನ ಔಟ್‌ಪುಟ್‌ಗೂ ಇನ್ವರ್ಟಿಂಗ್ ಇನ್‌ಪುಟ್‌ಗೂ ನಡುವೆ ಹಾಕುವ ಚಾರ್ಜ್ ಆಂಪ್ಲಿಫೈಯರ್. ಇದರಲ್ಲಿ ಬಕೆಟ್ ಸದಾ ನೆಲದ (ಸರ್ಕ್ಯೂಟಿನ ಸೊನ್ನೆ ವೋಲ್ಟ್ ಬಿಂದುವಿನ) ವೋಲ್ಟೇಜಿಗೆ ಒಂದೆರಡು ಮಿಲಿವೋಲ್ಟ್ ಆಚೀಚೆ ಇರುತ್ತದೆ. ಬಕೆಟ್ಟಿನಿಂದ ನೆಲಕ್ಕೆ 1 ಗಿಗಾ ಓಮ್ ಸೋರಿಕೆ ಇದ್ದರೂ ಹರಿಯುವುದು ಒಂದೆರಡು ಪಿಕೋಆಂಪಿಯರ್. ಅಂಕೋಲೆಗೆ ಎರಡನೆಯದೇ ಸರಿ, ಮೊದಲನೆಯದರ ಗೋಜಿಗೇ ಹೋಗಬೇಡಿ.

ಐಸಿ ಆಗಿ ಎಲ್‌ಎಂಸಿ 662 ತೆಗೆದುಕೊಳ್ಳಿ. ಇದರ ಇನ್‌ಪುಟ್ ಬಯಾಸ್ ಕರೆಂಟ್ (ಇನ್‌ಪುಟ್ ಕಾಲಿನಲ್ಲಿ ತಾನಾಗಿ ಸೋರುವ ಕರೆಂಟ್) ಸಾಮಾನ್ಯವಾಗಿ 2 ಫೆಮ್ಟೊಆಂಪಿಯರ್. ಸಿಎ 3140 ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ಆದರೆ ಅದರ 10 ಪಿಕೋಆಂಪಿಯರ್ ಬಯಾಸ್ 10 ನ್ಯಾನೊಫ್ಯಾರಡ್ ಕೆಪ್ಯಾಸಿಟರಿನಲ್ಲಿ ಸೆಕೆಂಡಿಗೆ 1 ಮಿಲಿವೋಲ್ಟ್ ತೆವಳುತ್ತದೆ. ಒಂದು ನಿಮಿಷದಲ್ಲಿ 0.6 ನ್ಯಾನೊಕೂಲಮ್ ಸುಳ್ಳು. ತೋರಿಸಿ ಮುಗಿಸುವ ಪ್ರಯೋಗಕ್ಕೆ ಅದೂ ನಡೆಯುತ್ತದೆ. ಎಲ್‌ಎಂಸಿ 662 ಹಾಕಿದರೆ ಒಂದು ಎಚ್ಚರ: ಅದರ ಪೂರೈಕೆ ಒಟ್ಟು 15.5 ವೋಲ್ಟ್ ದಾಟಬಾರದು. ಎರಡು ಹೊಸ 9 ವೋಲ್ಟ್ ಬ್ಯಾಟರಿ ಕಟ್ಟಿದರೆ ಐಸಿ ಅಲ್ಲೇ ಸತ್ತಿತು. ನಾಲ್ಕು ನಾಲ್ಕು ಪೆನ್‌ಟಾರ್ಚ್ ಸೆಲ್‌ಗಳ ಎರಡು ಹೋಲ್ಡರ್ ಹಾಕಿ, ಧನ 6, ಋಣ 6 ವೋಲ್ಟ್ ಮಾಡಿಕೊಳ್ಳಿ.

ಕೆಪ್ಯಾಸಿಟರ್ 10 ನ್ಯಾನೊಫ್ಯಾರಡ್, ಪಾಲಿಪ್ರೊಪಿಲೀನ್ ಅಥವಾ ಪಾಲಿಸ್ಟೈರೀನ್. ಸೆರಾಮಿಕ್ ಬೇಡವೇ ಬೇಡ, ಸಾಮಾನ್ಯ ಪಾಲಿಯೆಸ್ಟರ್ ಕೂಡ ಬೇಡ: ಖಾಲಿ ಮಾಡಿದ ಮೇಲೂ ಹಳೆಯ ಆವೇಶದ ಸ್ವಲ್ಪ ಭಾಗವನ್ನು ಅವು ಮೆಲ್ಲಗೆ ಹೊರಗೆ ಬಿಡುತ್ತವೆ, ಸೊನ್ನೆ ನಿಲ್ಲುವುದಿಲ್ಲ. ಈ ಬೆಲೆಗೆ 1 ನ್ಯಾನೊಕೂಲಮ್ ಬಂದರೆ ಔಟ್‌ಪುಟ್ ನೂರು ಮಿಲಿವೋಲ್ಟ್, ಚಿಹ್ನೆ ತಿರುಗಿ. 50 ನ್ಯಾನೊಕೂಲಮ್‌ವರೆಗೆ ನಿಶ್ಚಿಂತೆ. ಉಜ್ಜಿದ ಪೈಪ್ ಅದನ್ನೂ ದಾಟಿಸಿದರೆ ಕೆಪ್ಯಾಸಿಟರನ್ನು 100 ನ್ಯಾನೊಫ್ಯಾರಡ್ ಮಾಡಿ.

ಈಗ ಕೈಕೆಲಸ. ಎಂಟು ಕಾಲಿನ ಐಸಿಯಲ್ಲಿ 1 ಔಟ್‌ಪುಟ್, 2 ಇನ್ವರ್ಟಿಂಗ್, 3 ನಾನ್‌ಇನ್ವರ್ಟಿಂಗ್, 4 ಋಣ ಪೂರೈಕೆ, 8 ಧನ. ಮೂರನೆಯ ಕಾಲನ್ನು ನೆಲಕ್ಕೆ ಬೆಸೆಯಿರಿ. ಎರಡನೆಯ ಕಾಲನ್ನು ಬೋರ್ಡಿನ ತೂತಿಗೆ ಇಳಿಸಲೇಬೇಡಿ, ಮೇಲಕ್ಕೆ ಬಗ್ಗಿಸಿ ಗಾಳಿಯಲ್ಲೇ ನಿಲ್ಲಿಸಿ, ಕೆಪ್ಯಾಸಿಟರಿನ ಒಂದು ತುದಿಯನ್ನೂ ಬಕೆಟ್ಟಿನ ತಂತಿಯನ್ನೂ ಅಲ್ಲಿಗೇ ನೇರ ಬೆಸೆಯಿರಿ. ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಉಳಿದು, ಪೂರೈಕೆಯ ಕಾಲಿನಿಂದ ಇನ್‌ಪುಟ್‌ಗೆ ನೂರು ಗಿಗಾ ಓಮ್ ದಾರಿ ಬಿದ್ದರೂ 60 ಪಿಕೋಆಂಪಿಯರ್ ಹರಿಯುತ್ತದೆ, ಐಸಿಯ ಸ್ವಂತ ಸೋರಿಕೆಯ ಮೂವತ್ತು ಸಾವಿರ ಪಟ್ಟು. ಅದೃಷ್ಟಕ್ಕೆ ಎರಡನೆಯ ಕಾಲಿಗೂ ನಾಲ್ಕನೆಯದಕ್ಕೂ ನಡುವೆ ನೆಲಕ್ಕೆ ಕಟ್ಟಿದ ಮೂರನೆಯದು ಕಾವಲು ನಿಂತಿರುತ್ತದೆ. ಐಸಿಯಲ್ಲಿ ಉಳಿದ ಇನ್ನೊಂದು ಆಂಪ್ಲಿಫೈಯರನ್ನು ತೇಲಲು ಬಿಡಬೇಡಿ: 6ನ್ನು 7ಕ್ಕೆ ಜೋಡಿಸಿ, 5ನ್ನು ನೆಲಕ್ಕೆ.

ಬಕೆಟ್ಟಿನ ತಂತಿಯಲ್ಲಿ 100 ಕಿಲೋ ಓಮ್ ಸೇರಿಸಿ, ಕಿಡಿ ಹಾರಿದರೆ ಐಸಿ ಉಳಿಯುತ್ತದೆ. ಸೊನ್ನೆ ಮಾಡಲು ಪುಶ್‌ಬಟನ್ ಬಳಸಿದರೆ ಅದರ ಪ್ಲಾಸ್ಟಿಕ್ಕೇ ಸೋರುತ್ತದೆ, ಅದೂ ಕೆಪ್ಯಾಸಿಟರಿನ ನೇರ ಅಡ್ಡಕ್ಕೆ. ಗಾಜಿನ ರೀಡ್ ಸ್ವಿಚ್ ಒಂದನ್ನು 1 ಕಿಲೋ ಓಮ್ ಜತೆ ಕೆಪ್ಯಾಸಿಟರಿಗೆ ಅಡ್ಡ ಹಾಕಿ, ಹೊರಗಿನಿಂದ ಅಯಸ್ಕಾಂತ ತಂದು ಮುಚ್ಚಿ. ಗಾಜನ್ನೂ ನೀರು, ಸ್ಪಿರಿಟ್ ಕ್ರಮದಲ್ಲೇ ತೊಳೆದಿರಬೇಕು.

ಬಕೆಟ್ ಅಂದರೆ ಅಡುಗೆಮನೆಯ ಎರಡು ಸ್ಟೀಲ್ ಡಬ್ಬ. ಒಳಗಿನದರ ಆಳ ಅಗಲದ ಒಂದೂವರೆ ಪಟ್ಟಾದರೂ ಇರಲಿ. ಹೊರಗಿನದನ್ನು ಸರ್ಕ್ಯೂಟಿನ ನೆಲಕ್ಕೆ ಕಟ್ಟಿ, ಇಲ್ಲದಿದ್ದರೆ ಔಟ್‌ಪುಟ್ಟಿನಲ್ಲಿ 50 ಹರ್ಟ್ಸ್ ಗುಂಯ್ಗುಡುತ್ತದೆ. ನಡುವೆ ಥರ್ಮೊಕೋಲ್ ಇಡುವ ಚಪಲ ಬೇಡ, ಅದು ಅಲುಗಿದಾಗಲೆಲ್ಲ ತಾನೇ ಆವೇಶ ಹುಟ್ಟಿಸುತ್ತದೆ. ಮೂರು ಟೆಫ್ಲಾನ್ ಗುಂಡಿಗಳ ಮೇಲೆ ಕೂರಿಸಿ. ವಸ್ತುವನ್ನು ಗೋಡೆಗೆ ತಾಗಿಸದೆ ನಡುವೆ ಇಳಿಸಿದರೂ ಪೂರ್ತಿ ಅಂಕೆ ಬರುತ್ತದೆ. ಸಿಂಥೆಟಿಕ್ ಬಟ್ಟೆ ತೊಟ್ಟವರು ಅತ್ತಿತ್ತ ಓಡಾಡಿದಾಗ ಅಂಕೆ ಕುಣಿಯುತ್ತಿದ್ದರೆ ಹೊರಡಬ್ಬ ಗಿಡ್ಡವಾಗಿದೆ ಎಂದರ್ಥ.

ಅಂಕೆ ನಂಬಬೇಕಾದರೆ ಪರೀಕ್ಷೆ ಹೀಗೆ: ಶೇ. 1ರ ನಿಖರತೆಯ 1 ನ್ಯಾನೊಫ್ಯಾರಡ್ ಕೆಪ್ಯಾಸಿಟರನ್ನು 1.5 ವೋಲ್ಟ್ ಸೆಲ್ಲಿಗೆ ಮುಟ್ಟಿಸಿ. ಸೆಲ್ಲಿನ ಋಣದಲ್ಲಿದ್ದ ಕಾಲನ್ನು ಸರ್ಕ್ಯೂಟಿನ ನೆಲಕ್ಕೆ ಹಿಡಿದು ಇನ್ನೊಂದನ್ನು ಒಳಡಬ್ಬಕ್ಕೆ ತಾಗಿಸಿ. 1.5 ನ್ಯಾನೊಕೂಲಮ್ ಹೋಗಬೇಕು, ಔಟ್‌ಪುಟ್ ಋಣ 150 ಮಿಲಿವೋಲ್ಟ್ ಆಗಬೇಕು. ಬಂದ ಅಂಕೆ ಐದು ನಿಮಿಷ ಅಲ್ಲೇ ನಿಂತರೆ ಮೀಟರ್ ಸಿದ್ಧ. ಸೊನ್ನೆಯತ್ತ ಮೆಲ್ಲಗೆ ಇಳಿದರೆ ಕೆಪ್ಯಾಸಿಟರಿನ ಅಡ್ಡ ಸೋರಿಕೆ, ರೀಡ್ ಸ್ವಿಚ್ ನೋಡಿ. ಸೊನ್ನೆಯಿಂದಲೂ ಒಂದೇ ದಿಕ್ಕಿಗೆ ಓಡುತ್ತಿದ್ದರೆ ಎರಡನೆಯ ಕಾಲಿನ ಸುತ್ತಮುತ್ತ ಇನ್ನೊಮ್ಮೆ ತೊಳೆಯಿರಿ.

ಪ್ರಶ್ನೆ: ಅಘನಾಶಿನಿ ಗಜನಿಯಲ್ಲಿ (ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಯಲ್ಲಿ) ಸಿಗಡಿ ಕೆರೆ ಇದೆ. ಪಿಎಚ್ ಮೀಟರ್ ಮಳೆಗಾಲದಲ್ಲಿ ಎಲ್ಲ ನೀರಿಗೂ 7ರ ಹತ್ತಿರವೇ ತೋರಿಸುತ್ತದೆ. ಹೊಸ ಪ್ರೋಬ್ ತಂದರೂ ಅದೇ ಕಥೆ. ರಿಪೇರಿಯವರು ಶಾರ್ಟ್ ಮಾಡಿ ನೋಡಿ 7.00 ಬರುತ್ತದೆ, ಮೀಟರ್ ಸರಿ ಇದೆ ಎನ್ನುತ್ತಾರೆ.
— ಸಿಗಡಿ ಕೃಷಿಕರು, ಕುಮಟಾ ತಾಲೂಕು

ಉತ್ತರ: ಶಾರ್ಟ್ ಪರೀಕ್ಷೆ ನಿಮ್ಮ ಮೀಟರಿನ ಕಾಯಿಲೆಯನ್ನು ಮುಚ್ಚಿಡುತ್ತದೆ. ಪಿಎಚ್ ಪ್ರೋಬ್ ಒಂದು ಸೆಲ್ ಇದ್ದ ಹಾಗೆ. 25 ಡಿಗ್ರಿಯಲ್ಲಿ 7ರಿಂದ ಒಂದು ಅಂಕ ಸರಿದರೆ 59.16 ಮಿಲಿವೋಲ್ಟ್ ಕೊಡುತ್ತದೆ. ಆದರೆ ಅದರ ಗಾಜಿನ ಒಳರೋಧವೇ ನೂರಿನ್ನೂರು ಮೆಗಾ ಓಮ್. ಪ್ರೋಬ್ ಸಿಕ್ಕಿಸುವ ಬಿಎನ್‌ಸಿ ಕನೆಕ್ಟರಿನ ಮೈಮೇಲೆ ಉಪ್ಪಿನ ಪದರ ಕೂತು ಅಲ್ಲಿ 1 ಗಿಗಾ ಓಮ್ ಸೋರಿಕೆಯಾದರೆ, 200 ಮೆಗಾ ಓಮ್ ಪ್ರೋಬಿನ ವೋಲ್ಟೇಜಿನಲ್ಲಿ ಆರನೇ ಒಂದು ಪಾಲು ಮಾಯ. ಸೋರಿಕೆ ಇನ್ನೂ ಹೆಚ್ಚಿದರೆ ಎಲ್ಲ ಅಂಕೆಯೂ 7ರ ಕಡೆಗೆ ಜಾರುತ್ತದೆ. ಶಾರ್ಟ್ ಮಾಡಿದಾಗ ಒಳರೋಧವೇ ಇಲ್ಲ, ವೋಲ್ಟೇಜೂ ಸೊನ್ನೆ. ಎಷ್ಟು ಸೋರಿದರೂ 7.00 ಬಂದೇ ಬರುತ್ತದೆ.

ಸರಿಯಾದ ಪರೀಕ್ಷೆಗೆ 22 ಮೆಗಾ ಓಮ್‌ನ ಹತ್ತು ರೆಸಿಸ್ಟರ್ ಸಾಲಾಗಿ ಬೆಸೆದುಕೊಳ್ಳಿ. ಸೆಲ್ ಮತ್ತು ಪೊಟೆನ್ಶಿಯೊಮೀಟರಿನಿಂದ 177 ಮಿಲಿವೋಲ್ಟ್ ಮಾಡಿ ಮೀಟರಿಗೆ ನೇರ ಕೊಡಿ, ಧನ ತುದಿ ಕನೆಕ್ಟರಿನ ನಡುಪಿನ್ನಿಗೆ: 4ರ ಹತ್ತಿರ ತೋರಿಸಬೇಕು. ಈಗ ನಡುವೆ ರೆಸಿಸ್ಟರ್ ಸಾಲು ಹಾಕಿ. ಅಂಕೆ ಕದಲಿದರೆ ಸೋರಿಕೆ ಖಚಿತ. ಕನೆಕ್ಟರ್ ಎರಡೂ ಕಡೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿದ ಬ್ರಶ್‌ನಿಂದ ತೊಳೆದು, ಸ್ಪಿರಿಟ್ ಹಚ್ಚಿ, ಹೇರ್ ಡ್ರೈಯರ್‌ನಿಂದ ಒಣಗಿಸಿ ಮತ್ತೆ ನೋಡಿ. ಕೆರೆದಂಡೆಯಲ್ಲಿ ಪ್ರೋಬ್ ಬಿಚ್ಚಿ ಹಾಕುವ ಅಭ್ಯಾಸ ಬಿಡಿ.

ಸ್ವಂತ ಸರ್ಕ್ಯೂಟ್ ಕಟ್ಟಿಕೊಂಡವರಿಗೆ ಒಂದು ಮಾತು: ಎಲ್‌ಎಂ 358ರ ಬಯಾಸ್ 45 ನ್ಯಾನೊಆಂಪಿಯರ್. ಅದು 200 ಮೆಗಾ ಓಮ್‌ನಲ್ಲಿ 9 ವೋಲ್ಟ್ ಹುಟ್ಟಿಸಬೇಕಾಗುತ್ತದೆ, ಅಂದರೆ ಅಳತೆಯೇ ಇಲ್ಲ. ಟಿಎಲ್ 071 ಕೂಡ 13 ಮಿಲಿವೋಲ್ಟ್ ಸುಳ್ಳು ಹೇಳುತ್ತದೆ, ಬಿಸಿಯಾದಂತೆ ಹೆಚ್ಚುತ್ತದೆ. ಇಲ್ಲೂ ಎಲ್‌ಎಂಸಿ 662 ಹಾಕಿ.

ಪ್ರಶ್ನೆ: ಅಡಿಕೆ ಡ್ರೈಯರ್‌ಗೆ ಕೆ ಟೈಪ್ ಥರ್ಮೋಕಪಲ್ (ಎರಡು ಲೋಹದ ತಂತಿ ಕೂಡಿಸಿ ಬಿಸಿ ಅಳೆಯುವ ಸಾಧನ) ಹಾಕಿ ಎಲ್‌ಎಂ 358ರಿಂದ ವರ್ಧಿಸುತ್ತಿದ್ದೇನೆ. ಫ್ಯಾನ್ ಹಾಕಿದರೆ, ಪೆಟ್ಟಿಗೆ ಮುಚ್ಚಳ ತೆರೆದರೆ ಅಂಕೆ ಬದಲಾಗುತ್ತದೆ.
— ಕೃಷಿಕರು, ಶಿರಸಿ

ಉತ್ತರ: ಘಟ್ಟದ ಮೇಲೆ ಉಪ್ಪಿನ ಕಾಟವಿಲ್ಲ, ನಿಮ್ಮ ಸಮಸ್ಯೆಯ ಜಾತಿಯೇ ಬೇರೆ. ಥರ್ಮೋಕಪಲ್ ಡಿಗ್ರಿಗೆ ಸುಮಾರು 41 ಮೈಕ್ರೊವೋಲ್ಟ್ ಕೊಡುತ್ತದೆ. ಎಲ್‌ಎಂ 358ರ ಸ್ವಂತ ಆಫ್‌ಸೆಟ್ (ಇನ್‌ಪುಟ್ ಸೊನ್ನೆಯಿದ್ದರೂ ಇದ್ದಂತೆ ತೋರುವ ವೋಲ್ಟೇಜ್) ಸಾಮಾನ್ಯವಾಗಿ 2 ಮಿಲಿವೋಲ್ಟ್, ಅಂದರೆ ಸುಮಾರು 50 ಡಿಗ್ರಿ ತಪ್ಪು! ಅದನ್ನು ಟ್ರಿಮ್ ಮಾಡಿದರೂ ಹವೆಯ ಜತೆ ಸರಿಯುತ್ತದೆ. ಒಪಿಎ 333 ಥರದ, ತನ್ನ ಆಫ್‌ಸೆಟ್ಟನ್ನು ತಾನೇ ಸರಿಪಡಿಸಿಕೊಳ್ಳುವ ಚಾಪರ್ ಆಪ್‌ಆಂಪ್‌ನಲ್ಲಿ ಆಫ್‌ಸೆಟ್ ಗರಿಷ್ಠ 10 ಮೈಕ್ರೊವೋಲ್ಟ್. ಮೇಲಿನ ಉತ್ತರಗಳ ಎಲ್‌ಎಂಸಿ 662 ಇಲ್ಲಿ ಹಾಕಬೇಡಿ. ಸಣ್ಣ ಕರೆಂಟಿಗೆ ಒಂದು ಐಸಿ, ಸಣ್ಣ ವೋಲ್ಟೇಜಿಗೆ ಇನ್ನೊಂದು. ಎರಡಕ್ಕೂ ಒಂದನ್ನೇ ಹುಡುಕುವುದು ದಂಡ.

ಫ್ಯಾನಿನ ವಿಷಯ: ಎರಡು ಬೇರೆ ಲೋಹ ಕೂಡುವಲ್ಲೆಲ್ಲ ಒಂದು ಥರ್ಮೋಕಪಲ್ ಹುಟ್ಟಿರುತ್ತದೆ. ತಾಮ್ರಕ್ಕೆ ತಾಮ್ರ ಒತ್ತಿದರೆ ಡಿಗ್ರಿಗೆ 0.2 ಮೈಕ್ರೊವೋಲ್ಟ್‌ನಷ್ಟೂ ಇಲ್ಲ, ತಾಮ್ರಕ್ಕೂ ಸೀಸ-ತವರದ ಬೆಸುಗೆಗೂ 1ರಿಂದ 3. ಆದರೆ ಕಪ್ಪಾದ ತಾಮ್ರಕ್ಕೂ ಅದರ ಆಕ್ಸೈಡಿಗೂ ಸಾವಿರದ ಆಸುಪಾಸು! ಸ್ಕ್ರೂ ಟರ್ಮಿನಲ್ ಬಿಚ್ಚಿ ತಂತಿ ತುದಿಯನ್ನು ಹೊಳೆಯುವಷ್ಟು ಹೆರೆದು ಮತ್ತೆ ಬಿಗಿಯಿರಿ. ಎರಡೂ ಟರ್ಮಿನಲ್ ಒಂದೇ ಬಿಸಿಯಲ್ಲಿರುವಂತೆ ಅಕ್ಕಪಕ್ಕ ಇಟ್ಟು, ಮೇಲೆ ಥರ್ಮೊಕೋಲ್ ಮುಚ್ಚಿ. ಡ್ರೈಯರಿನಿಂದ ಪೆಟ್ಟಿಗೆಯವರೆಗೆ ಮಾಮೂಲಿ ತಾಮ್ರದ ವೈರ್ ಎಳೆದಿದ್ದರೆ ಅದನ್ನು ಕಿತ್ತು ಕೆ ಟೈಪ್ ವೈರನ್ನೇ ಎಳೆಯಿರಿ. ಇಲ್ಲದಿದ್ದರೆ ನೀವು ಅಳೆಯುತ್ತಿರುವುದು ವೈರ್ ಕೂಡಿಸಿದ ಜಾಗಕ್ಕೂ ಡ್ರೈಯರಿಗೂ ಇರುವ ವ್ಯತ್ಯಾಸವನ್ನು. ಇಷ್ಟೆಲ್ಲ ತಲೆಬಿಸಿ ಬೇಡವೆಂದರೆ ಮ್ಯಾಕ್ಸ್ 6675 ಐಸಿ ಇದೆ, ಕಾಲು ಡಿಗ್ರಿ ಮೆಟ್ಟಿಲಿನಲ್ಲಿ ಓದುತ್ತದೆ. ಅಡಿಕೆಗೆ ಧಾರಾಳ ಸಾಕು.

ಪ್ರಶ್ನೆ: ಎಲೆಕ್ಟ್ರೋಮೀಟರ್ (ಅತಿ ಸಣ್ಣ ಆವೇಶ, ಕರೆಂಟ್ ಅಳೆಯುವ ಉಪಕರಣ) ಕೊಳ್ಳದೆ ಪಿಕೋಆಂಪಿಯರ್ ನೋಡುವ ಉಪಾಯ ಇದೆಯೇ?
— ಎಲೆಕ್ಟ್ರಾನಿಕ್ಸ್ ಹವ್ಯಾಸಿ, ಕಾರವಾರ

ಉತ್ತರ: ಇದೆ. ಮಲ್ಟಿಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಕರೆಂಟನ್ನು ಅದರ ಮೂಲಕವೇ ಹರಿಸಿ. ಒಳರೋಧ 10 ಮೆಗಾ ಓಮ್ ಇದ್ದರೆ ಕೊನೆಯ ಅಂಕಿ 0.1 ಮಿಲಿವೋಲ್ಟ್ ಅಂದರೆ 10 ಪಿಕೋಆಂಪಿಯರ್. ಅಗ್ಗದ ಹಳದಿ ಮೀಟರುಗಳಲ್ಲಿ ಒಳರೋಧ 1 ಮೆಗಾ ಓಮ್ ಮಾತ್ರ, ಕೆಲವು ಒಳ್ಳೆಯ ಮೀಟರುಗಳಲ್ಲಿ ಈ ರೇಂಜಿನಲ್ಲಿ ಗಿಗಾ ಓಮ್ ದಾಟುತ್ತದೆ. ಮೊದಲು ಇನ್ನೊಂದು ಮೀಟರಿನಿಂದ ಅಳೆದುಕೊಳ್ಳಿ. ಡಯೋಡಿನ ಸೋರಿಕೆ, ಕೆಪ್ಯಾಸಿಟರಿನ ಸೋರಿಕೆ ನೋಡಲು ಇಷ್ಟು ಸಾಕು. ಓದುವಾಗ ವೈರ್ ಅಲುಗಿಸಬೇಡಿ, ತಂತಿಗೂ ಅದರ ಹೊದಿಕೆಗೂ ಆಗುವ ಉಜ್ಜಾಟವೇ ಕರೆಂಟ್ ಹುಟ್ಟಿಸುತ್ತದೆ.

ಪ್ರಶ್ನೆ: ಕಾಲೇಜಿನ ಕಪಾಟಿನಲ್ಲಿ ಹಳೆಯ ಕ್ವಾಡ್ರಂಟ್ ಎಲೆಕ್ಟ್ರೋಮೀಟರ್ ಸಿಕ್ಕಿದೆ. ಗುಜರಿಗೆ ಹಾಕಬಹುದೇ?
— ಪ್ರಯೋಗಾಲಯ ಸಹಾಯಕರು, ಕಾರವಾರ

ಉತ್ತರ: ದಯವಿಟ್ಟು ಬೇಡ. ಕೆಲ್ವಿನ್ 1860ರ ದಶಕದಲ್ಲಿ ರೂಪಿಸಿದ ಈ ಉಪಕರಣ ಐಸಿ ಇಲ್ಲದೆಯೇ ವೋಲ್ಟಿನ ಸಣ್ಣ ಪಾಲನ್ನು ತೋರಿಸುತ್ತದೆ. ಒಳಗಿನ ಸೂಜಿ ಕೂದಲಿಗಿಂತ ತೆಳುವಾದ ಎಳೆಯಿಂದ ತೂಗುತ್ತಿರುತ್ತದೆ, ಎತ್ತುವ ಮುಂಚೆ ಕ್ಲಾಂಪ್ ಬಿಗಿಯಿರಿ. ಕಂದು ಹಸಿರಾಗಿ ಮಾಸಿದ ಎಬೊನೈಟ್ ಭಾಗವಿದ್ದರೆ ಅದು ಬೆಳಕಿಗೆ ಕೆಟ್ಟದ್ದು: ಎಬೊನೈಟಿನ ಗಂಧಕ ಬೆಳಕು ತಾಗಿ ಮೈಮೇಲೆ ಗಂಧಕಾಮ್ಲವಾಗುತ್ತದೆ, ಅದರ ಮೇಲೆ ಆವೇಶ ಸೋರುತ್ತದೆ. ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು ಒಣಗಿಸಿ ಕತ್ತಲಲ್ಲಿಡಿ. ಸೂಜಿಯ ತಿರುಗಾಟ ತೋರಿಸುವ ಕನ್ನಡಿಗೆ ಬೂಷ್ಟು ಹಿಡಿದಿದ್ದರೆ ಒರೆಸಬೇಡಿ, ಬೆಳ್ಳಿಯೇ ಎದ್ದುಬರುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ತಿರುಗಿದಾಗ 120 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸಿ.

ಪ್ರಶ್ನೆ: ಕೈಗಾದಂಥ ಸ್ಥಾವರಗಳಲ್ಲಿ ವಿಕಿರಣ ಅಳೆಯಲು ಅಯಾನ್ ಛೇಂಬರ್ ಬಳಸುತ್ತಾರೆ ಎಂದು ಓದಿದೆ. ಡಬ್ಬದಲ್ಲಿ ಮಾಡಿದರೆ ಸಹಜ ವಿಕಿರಣ ಕಾಣುತ್ತದೆಯೇ?
— ಪಿಯುಸಿ ವಿದ್ಯಾರ್ಥಿನಿ, ಕಾರವಾರ

ಉತ್ತರ: ಕಾಣುತ್ತದೆ, ಆದರೆ ಬೆವರಿಳಿಸುತ್ತದೆ. ಅಯಾನ್ ಛೇಂಬರ್ ಅಂದರೆ ಗೋಡೆಗೆ ನೂರು ವೋಲ್ಟ್ ಕೊಟ್ಟ ಲೋಹದ ಡಬ್ಬ: ವಿಕಿರಣ ಗಾಳಿಯಲ್ಲಿ ಹುಟ್ಟಿಸಿದ ಅಯಾನುಗಳು ನಡುಕಡ್ಡಿಗೆ ಬಂದು ಸೇರಿದಾಗ ಹರಿಯುವ ಕರೆಂಟನ್ನು ಅಳೆಯುತ್ತೇವೆ. ಒಂದು ಲೀಟರ್ ಡಬ್ಬದಲ್ಲಿ ಸಹಜ ಹಿನ್ನೆಲೆಯಿಂದ ಬರುವ ಕರೆಂಟ್ 1 ಫೆಮ್ಟೊಆಂಪಿಯರ್ ಆಸುಪಾಸು, ಸೆಕೆಂಡಿಗೆ ಆರು ಸಾವಿರ ಚಿಲ್ಲರೆ ಎಲೆಕ್ಟ್ರಾನ್. ಎಲ್‌ಎಂಸಿ 662ರ ಸ್ವಂತ ಸೋರಿಕೆಯೇ ಅದರ ಎರಡು ಪಟ್ಟು. ಇದಕ್ಕೆ ಎಡಿಎ 4530ರಂಥ ಐಸಿ ಬೇಕು, 10 ಪಿಕೋಫ್ಯಾರಡ್ ಕೆಪ್ಯಾಸಿಟರಿನಲ್ಲಿ ನೂರು ಸೆಕೆಂಡ್ ಕೂಡಿಸಿದರೆ 10 ಮಿಲಿವೋಲ್ಟ್ ಸಿಗುತ್ತದೆ. ಅದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. ಡಬ್ಬದೊಳಗಿನ ಗಾಳಿಯಲ್ಲಿರುವ ರೇಡಾನ್ ಬಿಡುವ ಒಂದೇ ಒಂದು ಆಲ್ಫಾ ಕಣ ಸುಮಾರು ಒಂದೂವರೆ ಲಕ್ಷ ಅಯಾನ್ ಜೋಡಿ ಮಾಡುತ್ತದೆ. ಅದೇ ಕೆಪ್ಯಾಸಿಟರಿನಲ್ಲಿ 2.4 ಮಿಲಿವೋಲ್ಟ್‌ನ ಜಿಗಿತ. ನಿಧಾನ ಏರುವ ಗೆರೆಯ ನಡುವೆ ಮೆಟ್ಟಿಲು ಎದ್ದಂತೆ ಅದು ಬೇರೆಯಾಗಿ ಕಾಣುತ್ತದೆ. ಫೆಬ್ರವರಿಯಲ್ಲಿ ಶುರುಮಾಡಿ, ಡಬ್ಬದ ಬಾಯಿಗೆ ರಬ್ಬರ್ ವಾಷರ್ ಹಾಕಿ ಬಿಗಿಯಿರಿ, ನಡುಕಡ್ಡಿಯ ಟೆಫ್ಲಾನ್ ಬಿರಡೆಯ ಸುತ್ತ ನೆಲಕ್ಕೆ ಕಟ್ಟಿದ ಲೋಹದ ಉಂಗುರ ಕೂರಿಸಿ. ಆ ಉಂಗುರ ಇಲ್ಲದಿದ್ದರೆ ಗೋಡೆಗೆ ಕೊಟ್ಟ ನೂರು ವೋಲ್ಟ್ ಬಿರಡೆಯ ಮೈಮೇಲೆ ನೇರ ನಡುಕಡ್ಡಿಗೆ ಸೋರುತ್ತದೆ, ನಿಮ್ಮ ಫೆಮ್ಟೊಆಂಪಿಯರ್ ಅದರಲ್ಲಿ ಮುಳುಗಿಹೋಗುತ್ತದೆ.